ಉಸಿರು ತುಂಬಿದ ಕೋಳಿ

ಪಂಪನ್ನು ಕಾಲಿನಿಂದ ಇನ್ನೊಮ್ಮೆ ಒತ್ತಿದ್ದೇ ತಡ, ಪ್ಲಾಸ್ಟಿಕ್ ಕೋಳಿಯ ಕತ್ತು ಟಕ್ಕನೆ ಬಿಗಿಯಾಯಿತು. ಚಂದ್ರಪ್ರಭಾ ಅದನ್ನು ಹೂಬಿಟ್ಟ ಕಿತ್ತಳೆ ಗಿಡಗಳ ನಡುವೆ ಗೂಟಕ್ಕೆ ಸಿಕ್ಕಿಸಿ, ಹಿಂದಕ್ಕೆ ಬಂದು ಅತ್ತೆಯ ಪಕ್ಕ ಚಾಪೆಯ ಮೇಲೆ ಕೂತಳು. ತೋಟದ ಆ ತುದಿಯಲ್ಲಿ ನಿಜವಾದ ಟರ್ಕಿ ಹುಂಜ ಮಣ್ಣು ಕೆದಕುತ್ತಿತ್ತು. ಒಮ್ಮೆ ತಲೆಯೆತ್ತಿ ನೋಡಿತು. ಕ್ಯಾರೇ ಅನ್ನದೆ ಮತ್ತೆ ಕೆದಕತೊಡಗಿತು.

"ಇದೂ ಬೇಡ್ವಂತೆ ಅದಕ್ಕೆ," ಅಂದರು ಅತ್ತೆ ವೇದವಲ್ಲಿ.

ಮೊದಲು ನಿಲ್ಲಿಸಿದ್ದು ಬಾಲ ಬಿಚ್ಚಿ ಎದೆಯುಬ್ಬಿಸಿದ ಗಂಡು. ಅದನ್ನು ಕಂಡದ್ದೇ ಹುಂಜ ಕೊಟ್ಟಿಗೆಯ ಹಿಂದೆ ಓಡಿತ್ತು. ಹಾಗಾಗಿ ಈಗ ತಲೆ ಬಗ್ಗಿಸಿ ಮೇಯುವ ಹೆಣ್ಣು. ಚೀಲದಲ್ಲಿ ಇನ್ನೊಂದು ಮಾದರಿ ಉಳಿದಿರಲಿಲ್ಲ.

ಚಂದ್ರಪ್ರಭಾ ಕೆಲಸ ಮಾಡುತ್ತಿದ್ದ ಜಪಾನಿನ ಹಮಾಮತ್ಸುವಿನ ಸಣ್ಣ ಕಾರ್ಖಾನೆ, ಈಜುವ ಮಕ್ಕಳ ಗಾಳಿ ಟ್ಯೂಬುಗಳನ್ನು ಮಾಡುವಂಥದ್ದು. ಕೊರೊನಾ ಬಂದು ಕಡಲತೀರಗಳು ಖಾಲಿಯಾದ ಮೇಲೆ ಟ್ಯೂಬು ಕೇಳುವವರೇ ಇಲ್ಲ. ಮಾಲೀಕ ಮುರಾಮಾತ್ಸು ಸಾನ್ ಎಲ್ಲೆಲ್ಲೋ ಜಾಲಾಡಿ ಅಮೆರಿಕದ ಒಬ್ಬ ಗಿರಾಕಿಯನ್ನು ಹಿಡಿದರು. ಅಲ್ಲಿ ಟರ್ಕಿ ಬೇಟೆಗೆ ಹೋಗುವವರು ಗಾಳಿ ತುಂಬಿದ ಸುಳ್ಳು ಟರ್ಕಿಯನ್ನು ಬಯಲಲ್ಲಿ ನಿಲ್ಲಿಸಿ, ಮರೆಯಲ್ಲಿ ಬಂದೂಕು ಹಿಡಿದು ಕೂರುತ್ತಾರಂತೆ. ಮಡಚಿದರೆ ಅದು ಜೇಬಿನಲ್ಲಿ ಹಿಡಿಯಬೇಕು, ನಿಲ್ಲಿಸಿದರೆ ಹಕ್ಕಿ ನಂಬಬೇಕು. ಮೊಟ್ಟೆಯನ್ನೂ ಮುಟ್ಟದ ಮೈಸೂರಿನ ಐಯಂಗಾರರ ಸೊಸೆ, ಪ್ಲಾಸ್ಟಿಕ್ ಎಂಜಿನಿಯರ್ ಆದ ತಪ್ಪಿಗೆ, ಕೋಳಿಯ ಕತ್ತು ಪುಕ್ಕಗಳ ಧ್ಯಾನದಲ್ಲಿ ಮುಳುಗಬೇಕಾಯಿತು. ಹಕ್ಕಿ ಹತ್ತಿರ ಬರುವ ವಿಡಿಯೊ ಇವತ್ತು ಹೋಗದಿದ್ದರೆ ಗಿರಾಕಿ ಕೈತಪ್ಪುತ್ತಾನೆ, ಅವನ ಹಿಂದೆಯೇ ಅವಳ ಕೆಲಸವೂ. ಮುರಾಮಾತ್ಸು ಸಾನ್ ಅದನ್ನು ನೆಲ ನೋಡುತ್ತಾ, ಮಾತಿಗೊಂದು ಸುಮಿಮಾಸೆನ್, ಕ್ಷಮಿಸಿ, ಸೇರಿಸಿ ಹೇಳಿದ್ದರು.

ಕೆಲಸ ಹೋದರೆ ಅವಳೊಬ್ಬಳ ಪಾಡಾಗಿರಲಿಲ್ಲ. ಗಂಡ ಪ್ರಶಾಂತ ಮಾರ್ಚಿಯಲ್ಲಿ ಆಫೀಸಿನ ಕೆಲಸಕ್ಕೆಂದು ಬೆಂಗಳೂರಿಗೆ ಹೋದ. ಅಷ್ಟರಲ್ಲಿ ಜಪಾನ್ ಬಾಗಿಲು ಹಾಕಿಕೊಂಡಿತು. ಮಗನನ್ನು ನೋಡಲೆಂದು ಬಂದಿದ್ದ ತಾಯಿ ಇಲ್ಲಿ ಉಳಿದರು, ಮಗ ಅಲ್ಲಿ ಉಳಿದ. ಪುಟ್ಟ ಫ್ಲಾಟಿನಲ್ಲಿ ಅತ್ತೆ ಸೊಸೆ ಇಬ್ಬರೇ. ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಎಂಜಲು ಎಂದರೆ ವೇದವಲ್ಲಿಗೆ ಆಗದು. ಸೊಸೆ ತುಟಿಗೆ ತಾಕಿಸಿ ಕುಡಿದ ಲೋಟವನ್ನು ತೊಳೆದಿಟ್ಟರೂ ಅವರು ಮತ್ತೊಮ್ಮೆ ತೊಳೆಯುವರು. ಇಂಥವರಿಗೆ ಬೇಟೆಯ ವಿಚಾರ ಹೇಳುವುದುಂಟೆ? ಮಕ್ಕಳ ಆಟದ ಸಾಮಾನು ಎಂದು ಚಂದ್ರಪ್ರಭಾ ಸತ್ಯದ ತಲೆಯ ಮೇಲೆ ಹೊಡೆದಂತೆ ಹೇಳಿದ್ದಳು. ಮನೆಯಲ್ಲಿ ಒಬ್ಬಳೇ ಕೂತು ಕೂತು ಬೇಜಾರು ಎಂದು ಅವರು ಇವತ್ತು ಕಾರು ಹತ್ತಿದಾಗ ಬೇಡವೆನ್ನಲು ಬಾಯಿ ಬರಲಿಲ್ಲ.

ಹಮಾನಾ ಸರೋವರದ ದಂಡೆಯ ಆ ತೋಟ ತೆರಾದಾ ಸಾನ್ ಎಂಬ ಮುದುಕರದು. ಅವರು ಸಾಕಿದ್ದ ಟರ್ಕಿ ಜೋಡಿಯಲ್ಲಿ ಹೆಣ್ಣು ಚಳಿಗಾಲದಲ್ಲಿ ಸತ್ತು, ಹುಂಜವೊಂದೇ ಉಳಿದಿತ್ತು. ಗೇಟು ತೆರೆದುಕೊಟ್ಟು, ರೋಗದ ಭಯಕ್ಕೆ ದೂರದಲ್ಲೇ ಸ್ಟೂಲು ಹಾಕಿ ಕೂತಿದ್ದರು.

ವೇದವಲ್ಲಿ ಕೆಮ್ಮಿದರು. ತಕ್ಷಣ ಹುಂಜ ಕತ್ತು ಚಾಚಿ ಗಳಗಳ ಎಂದು ಕೂಗಿತು. ಅವರು ಬೇಕೆಂದೇ ಮತ್ತೊಮ್ಮೆ ಕೆಮ್ಮಿದರು. ಮತ್ತೆ ಗಳಗಳ. ಕೆಮ್ಮಿದರೆ ಮನುಷ್ಯರು ಮಾರು ದೂರ ಸರಿಯುತ್ತಿದ್ದ ಕಾಲ ಅದು.

"ಊರಲ್ಲೆಲ್ಲ ನನ್ನ ಕೆಮ್ಮಿಗೆ ಉತ್ತರ ಕೊಟ್ಟೋನು ಇವನೊಬ್ಬನೇ," ಎಂದು ಮಾಸ್ಕಿನೊಳಗೇ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: "ಅಲ್ಲ ಚಂದ್ರಾ, ಮಕ್ಕಳ ಆಟದ ಸಾಮಾನಿಗೆ ಈ ಕೋಳಿ ಒಪ್ಪಿಗೆ ಯಾಕೆ ಬೇಕು?"

ಚಂದ್ರಪ್ರಭಾ ಪಂಪನ್ನು ಪಕ್ಕಕ್ಕೆ ಸರಿಸಿದಳು. "ಇದು ಬೇಟೆಗೆ, ಅತ್ತೆ. ಇದನ್ನ ನೋಡಿ ಹಕ್ಕಿ ಬರತ್ತೆ. ಆಮೇಲೆ ಶೂಟ್ ಮಾಡ್ತಾರೆ. ಇವತ್ತು ವಿಡಿಯೊ ಕಳಿಸ್ಲಿಲ್ಲ ಅಂದ್ರೆ ನನ್ನ ಕೆಲಸ ಇರಲ್ಲ."

ವೇದವಲ್ಲಿ ಹುಂಜದ ಕಡೆ ನೋಡಿದರು. "ಪ್ರಶಾಂತ ಮುಂದಿನ ತಿಂಗಳು ಬರ್ತಾನೆ ಅಂತೀಯಲ್ಲ, ಅದೂ ಹಿಂಗೇನಾ?"

"ಅದು ನಂಗೂ ಗೊತ್ತಿಲ್ಲ, ಅತ್ತೆ."

ಅವರು ಬೈದಿದ್ದರೆ ಚಂದ್ರಪ್ರಭಾಗೆ ಹಗುರವಾಗುತ್ತಿತ್ತು. ಅತ್ತೆಯ ಮುಖ ನೋಡಲಾರದೆ ಅವಳು ತನ್ನ ಕೋಳಿಯ ಕಡೆ ತಿರುಗಿದಳು. ಸರೋವರದ ಗಾಳಿಗೆ ಕಿತ್ತಳೆ ಎಲೆ ಅಲ್ಲಾಡುತ್ತಿತ್ತು, ಹುಲ್ಲು ಅಲ್ಲಾಡುತ್ತಿತ್ತು, ಹುಂಜದ ಪುಕ್ಕವೂ ಅಲ್ಲಾಡುತ್ತಿತ್ತು. ಪ್ಲಾಸ್ಟಿಕ್ ಹೆಣ್ಣೊಂದೇ ಸೆಟೆದು ನಿಂತಿತ್ತು, ಅದರ ಬಿಗಿದ ಮೈಮೇಲೆ ಬಿಸಿಲು ಫಳಫಳ ಹೊಳೆಯುತ್ತಿತ್ತು. ಇಂಥ ಹೆಣ್ಣಿನ ಹತ್ತಿರ ಯಾವ ಹುಂಜ ತಾನೆ ಬಂದೀತು?

ಎದ್ದು ಹೋಗಿ ಅದನ್ನು ತಂದು, ಗಾಳಿಯನ್ನೆಲ್ಲ ಬಿಟ್ಟಳು. ಪಂಪು ಹಾಕಿದರೆ ಮತ್ತೆ ಅದೇ ಬಿಗಿ, ಬಾಯಿಂದಾದರೆ ಮೆತ್ತಗಿರುವಾಗಲೇ ನಿಲ್ಲಿಸಬಹುದು. ಬಾಯಿಂದ ಊದುವುದನ್ನು ಕಾರ್ಖಾನೆಯಲ್ಲಿ ಕೊರೊನಾ ಬಂದಾಗಿನಿಂದ ನಿಲ್ಲಿಸಿದ್ದರು. ಆದರೂ ಅವಳು ಮಾಸ್ಕನ್ನು ಗಲ್ಲಕ್ಕಿಳಿಸಿ ಊದಿದಳು. ಅರ್ಧ ತುಂಬುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು. ಉಸಿರು ತೆಗೆದುಕೊಳ್ಳಲು ಬಾಯಿ ತೆಗೆದರೆ ತುಂಬಿದ್ದೂ ಸೋರುತ್ತಿತ್ತು. ಅತ್ತ ಹುಂಜ ಕೊಟ್ಟಿಗೆಯ ಕಡೆ ಹೆಜ್ಜೆ ಹಾಕತೊಡಗಿತ್ತು.

"ಕೊಡಿಲ್ಲಿ," ಅಂದರು ವೇದವಲ್ಲಿ.

"ಅತ್ತೆ, ಅದು ನನ್ನ ಎಂಜಲು..."

"ಕೊಡು ಅಂದೆ."

ಅವರು ಮಾಸ್ಕು ಇಳಿಸಿದರು. ಸೆರಗಿನಿಂದ ಒರೆಸಲೂ ಇಲ್ಲ. ಹುಡುಗಿಯಾಗಿದ್ದಾಗ ಹಸಿ ಸೌದೆಯ ಒಲೆಗೆ ಊದುಗೊಳವೆ ಹಿಡಿದವರು. ಕೆನ್ನೆಯುಬ್ಬಿಸದೆ, ಒಂದೇ ಸಮನೆ, ಹೊಟ್ಟೆಯಿಂದ ಊದಿದರು. ಕೋಳಿಯ ಎದೆ ಎದ್ದಿತು, ಬೆನ್ನು ಎದ್ದಿತು. ಚಂದ್ರಪ್ರಭಾ ಅದರ ಹೊಟ್ಟೆ ಒತ್ತಿ ನೋಡುತ್ತಿದ್ದವಳು, ಇನ್ನೂ ಮೆತ್ತಗಿರುವಾಗಲೇ "ಸಾಕು ಅತ್ತೆ" ಅಂದಳು.

ಈ ಸಲ ಗೂಟದ ಮೇಲೆ ಹೆಣ್ಣು ತಣ್ಣಗೆ ತೂಗಾಡಿತು. ಗಾಳಿ ಬಂದಾಗ ತಲೆ ಬಗ್ಗಿಸಿತು, ನಿಂತಾಗ ಎತ್ತಿತು. ಹುಂಜ ನಿಂತಿತು, ತಿರುಗಿತು. ಬೂದು ಬಣ್ಣಕ್ಕಿದ್ದ ಮುಖ ಕೆಂಪಾಯಿತು, ನೋಡುನೋಡುತ್ತ ಹಣೆ ಬೆಳ್ಳಗಾಗಿ ಕೆನ್ನೆ ನೀಲಿಯಾಯಿತು. ರೆಕ್ಕೆಗಳನ್ನು ನೆಲಕ್ಕೆ ಉಜ್ಜುತ್ತ, ಬಾಲ ಬಿಚ್ಚಿ, ಮದುವೆ ಗಂಡಿನ ಹಾಗೆ ಅಳೆದಳೆದು ಹೆಜ್ಜೆಯಿಟ್ಟು ಬಂತು. ದೂರದಲ್ಲಿ ತೆರಾದಾ ಸಾನ್ ಸ್ಟೂಲಿನಿಂದ ಎದ್ದು ನಿಂತರು. ಚಂದ್ರಪ್ರಭಾ ಉಸಿರು ಬಿಗಿಹಿಡಿದು ವಿಡಿಯೊ ಮಾಡಿದಳು. ಹುಂಜ ಹೆಣ್ಣಿನ ಸುತ್ತ ಸುತ್ತಿ, ದಣಿದು, ಕೊನೆಗೆ ಅದರ ಮಗ್ಗುಲಲ್ಲೇ ಕಾಲು ಮಡಚಿ ಕೂತುಬಿಟ್ಟಿತು.

ಕಳಿಸಿದ ವಿಡಿಯೊಗೆ ಮುರಾಮಾತ್ಸು ಸಾನ್ ಉತ್ತರ ಕೂಡಲೇ ಬಂತು. ಬರೀ ಅರಿಗಾತೋ, ಧನ್ಯವಾದ, ಸಾಲು ಸಾಲು. ಕೆಲಸ ಉಳಿಯಿತು ಎಂದು ಅವಳ ಕಣ್ಣು ತುಂಬಿತು. ಕೂತ ಹಕ್ಕಿಯನ್ನು ನೋಡಿ ಅದೇ ಕಣ್ಣಿಗೆ ನಾಚಿಕೆಯೂ ಆಯಿತು.

"ಬಂತಲ್ಲ ಪಾಪ, ನಂಬ್ಕೊಂಡು," ಅಂದರು ವೇದವಲ್ಲಿ.

ಹೊರಡುವ ಹೊತ್ತಾಯಿತು. ಮಾದರಿಯನ್ನು ಕಾರ್ಖಾನೆಗೆ ವಾಪಸ್ಸು ಕೊಡಬೇಕು. ಇಬ್ಬರೂ ಮೆಲ್ಲಗೆ ಹತ್ತಿರ ಹೋದರು, ಹುಂಜ ಜರುಗಲಿಲ್ಲ. ಚಂದ್ರಪ್ರಭಾ ಮಂಡಿಯೂರಿ, ಗಾಳಿ ಬಿಡಲು ಅದರ ಮುಚ್ಚಳಕ್ಕೆ ಹೆಬ್ಬೆರಳು ಹಚ್ಚಿದಳು.

"ಈಗ್ಲೇ ಬೇಡ ಕಣೇ," ಎಂದು ಅತ್ತೆ ಅವಳ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತರು. "ಅದು ಆ ಕಡೆ ತಿರುಗಲಿ."

ಅವಳು ಹೆಬ್ಬೆರಳನ್ನು ಅಲ್ಲೇ ಇಟ್ಟುಕೊಂಡು ಕಾದಳು. ಸರೋವರದ ಮೇಲೆ ಬಿಸಿಲು ಕೆಂಪಾಗುತ್ತ ಬಂತು. ಗಾಳಿ ಬಂದಾಗ ಹೆಣ್ಣು ತಲೆ ಬಗ್ಗಿಸುತ್ತಿತ್ತು, ಹುಂಜ ಅದನ್ನೇ ನೋಡುತ್ತಿತ್ತು.