ಸೂರಕ್ಕಂದು

ಹಲಗೆಯ ಮೇಲೆ ಏನು ಬರೆಯುವುದೆಂದು ನಾದಿನಿಗೆ ದೊಡ್ಡ ತಲೆನೋವಾಗಿತ್ತು. ಪೇಟೆಬೀದಿಯ ಬದಿಯಲ್ಲಿ, ಪಕ್ಕದಲ್ಲೇ ಅತ್ತಿಗೆ ಮಾರಲೆಂದು ಬುಟ್ಟಿ ತುಂಬ ಗೆಡ್ಡೆ ಇಟ್ಟುಕೊಂಡು ಕೂತಿದ್ದಳು. ನೋಡಲು ಶುಂಠಿಯ ಹಾಗೆ ಗಂಟುಗಂಟು, ಮೈಯೆಲ್ಲ ಮಣ್ಣು. ಇವತ್ತು ಬುಟ್ಟಿ ಖಾಲಿಯಾಗದಿದ್ದರೆ ಅವು ಬೆಳೆದ ಹಿತ್ತಲ ಪಾತಿಗೆ ಸಿಮೆಂಟು ಬಳಿದು ಸ್ಕೂಟರ್ ನಿಲ್ಲಿಸುತ್ತೇನೆಂದು ಅಣ್ಣ ಖಡಾಖಂಡಿತವಾಗಿ ಹೇಳಿದ್ದ. ಆ ಪಾತಿಯೆಂದರೆ ಅತ್ತಿಗೆಗೆ ಜೀವ.

ಬೀಜದಂಗಡಿಯವನು ಹೇಳಿದ ಹೆಸರು ಜೆರುಸಲೇಮ್ ಆರ್ಟಿಚೋಕ್. ನಾದಿನಿ ವಾರವಿಡೀ ಗ್ರಂಥಾಲಯದಲ್ಲಿ ಕೂತು ಹುಡುಕಿದ್ದಳು. ಜೆರುಸಲೇಮಿಗೂ ಇದಕ್ಕೂ ಸಂಬಂಧವೇ ಇಲ್ಲ. ತವರು ಉತ್ತರ ಅಮೆರಿಕ. ಆರ್ಟಿಚೋಕ್ ಎಂಬ ಹೂಮೊಗ್ಗಿನ ತರಕಾರಿಯಂತೂ ಅಲ್ಲವೇ ಅಲ್ಲ. ರುಚಿ ಹಾಗಿದೆಯೆಂದು ಯಾರೋ ಅಂದದ್ದು ಅಂಟಿಕೊಂಡಿತು. ಇದು ಸೂರ್ಯಕಾಂತಿಯ ಬಳಗ. ಇಟಲಿಯವರು ಸೂರ್ಯಕಾಂತಿಯನ್ನು ಜಿರಾಸೋಲೆ ಅನ್ನುತ್ತಾರೆ, ಸೂರ್ಯನತ್ತ ತಿರುಗುವುದು ಎಂದು. ಅದೇ ಪರರ ಕಿವಿಗೆ ಜೆರುಸಲೇಮ್ ಎಂದು ಬಿದ್ದಿರಬೇಕೆಂದು ಬಲ್ಲವರ ಊಹೆ. 'ಊಹೆ' ಎಂಬುದರ ಕೆಳಗೆ ಆಕೆ ಎರಡು ಗೆರೆ ಎಳೆದುಕೊಂಡಿದ್ದಳು. ಆದರೂ ಓದುವಾಗ ಮೈ ಝುಮ್ಮೆಂದಿತ್ತು. ಕಿವಿಯ ಒಂದು ತಪ್ಪಿಗೆ ಇಡೀ ಪಟ್ಟಣವೇ ಗೆಡ್ಡೆಗೆ ಬಂದು ಅಂಟಿತ್ತಲ್ಲ!

ತಪ್ಪು ಹೆಸರು ಬರೆಯಲು ಕೈ ಬರಲಿಲ್ಲ. ಕಂದವೆಂದರೂ ಗೆಡ್ಡೆಯೇ ತಾನೆ ಎಂದುಕೊಂಡು 'ಸೂರ್ಯಕಂದ' ಎಂದು ಬರೆದಳು. ಅತ್ತಿಗೆ ಅದನ್ನೇ ಕೂಗತೊಡಗಿದಳು. ದಾರಿಯಲ್ಲಿ ಹೋಗುತ್ತಿದ್ದ ದರ್ಜಿಯೊಬ್ಬ ಸೂರ್ಯನ ಮಗುವಾ ಎಂದು ಕೇಳಿ ನಕ್ಕು ನಿಲ್ಲದೆ ಹೋದ. ಹತ್ತು ಗಂಟೆಯಾದರೂ ಒಂದು ಗೆಡ್ಡೆ ಕದಲಲಿಲ್ಲ.

ಆಗ ಕಿವಿ ಮಂದವಾದ ಅಜ್ಜಿಯೊಬ್ಬಳು ನಿಂತಳು. "ಸೂರಕ್ಕಂದಾ? ಯಾವ ಸೂರಕ್ಕಂದು?"

ತಿದ್ದಲು ನಾದಿನಿ ಬಾಯಿ ತೆರೆದಳು. ಅತ್ತಿಗೆ ತೊಡೆ ಚಿವುಟಿದಳು. "ನಂದೇ ಅಜ್ಜಿ. ನಾನೇ ಸೂರಕ್ಕ."

"ಮೊದಲೇ ಹೇಳಬಾರದಾ? ನಾನೇನೋ ಔಷಧಿ ಅಂದ್ಕೊಂಡಿದ್ದೆ."

ಅಜ್ಜಿ ಒಂದು ಚೂರನ್ನು ಹಸಿಯಾಗಿಯೇ ಕಟುಂ ಎಂದು ಕಡಿದು, ಸಿಹಿಯಾಗಿದೆಯೆಂದು ಬೀದಿಗೆಲ್ಲ ಕೇಳುವಂತೆ ಸಾರಿದಳು. ಸೂರಕ್ಕಂದು ಅಂತೆ, ಸೂರಕ್ಕಂದು ಅಂತೆ ಎಂದು ಮಾತು ಅಂಗಡಿಯಿಂದ ಅಂಗಡಿಗೆ ಹಾರಿತು. ನಾದಿನಿ ಕಿವಿಗೊಟ್ಟು ಕೇಳಿದಳು. ಪುಸ್ತಕದಲ್ಲಿ ಊಹೆಯಾಗಿದ್ದದ್ದು ಈಗ ಕಣ್ಣೆದುರೇ ನಡೆಯುತ್ತಿತ್ತು! ಆದರೂ ಮನಸ್ಸು ತಡೆಯದೆ, ಹೊಟ್ಟೆ ಉಬ್ಬರಿಸಬಹುದು, ಮೊದಲು ಸ್ವಲ್ಪವೇ ತಿನ್ನಿ ಎಂದು ಕೊಂಡವರಿಗೆಲ್ಲ ಹೇಳಿದಳು. ಅತ್ತಿಗೆ ಕಣ್ಣಲ್ಲೇ ಸುಟ್ಟಳು.

ಹನ್ನೊಂದೂವರೆಗೆ ಬುಟ್ಟಿಯ ತಳ ಕಂಡಿತು.

"ಅತ್ತಿಗೆ, ನೂರು ವರ್ಷ ಆದ್ಮೇಲೆ ಯಾರಾದ್ರೂ ಸೂರಕ್ಕ ಯಾರು ಅಂತ ಹುಡುಕಿದ್ರೆ?"

"ಹುಡುಕಲಿ ಬಿಡೇ. ಬೇಗ ಏಳು, ಇನ್ನೊಂದು ಪಾತಿ ಮಾಡ್ಬೇಕು. ನಿಮ್ಮಣ್ಣನ ಸ್ಕೂಟರ್ ಬೀದೀಲೇ ನಿಲ್ಲಲಿ."