ಒಳಗಿನ ತೇಪೆ

ಉಗುರು ಸಂದಿಯ ಗ್ರೀಸು ಮಾತ್ರ ಹೋಗಲಿಲ್ಲ. ಸೋಪು ಹಚ್ಚಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಎಷ್ಟು ತಿಕ್ಕಿದರೂ ನಲವತ್ತು ವರ್ಷದ ಸೈಕಲ್ ಅಂಗಡಿ ಹತ್ತೂ ಬೆರಳ ತುದಿಯಲ್ಲಿ ಹಾಗೇ ಕೂತಿತ್ತು.

"ಬಿಡಮ್ಮಾ, ಹೋಗೋ ಕಡೆ ಯಾರೂ ಕೈ ನೋಡಲ್ಲ," ಎಂದಳು ಪಕ್ಕದ ಮನೆಯ ಅಜ್ಜಿ.

ಸತ್ತವನ ಹೆಂಡತಿ ಗಂಡನ ಕೈ ಬಿಡಲಿಲ್ಲ. ತಲೆಯೆತ್ತಿದರೆ ಬಾಗಿಲಲ್ಲಿ ನಿಂತ ಮೈದುನನ ಮುಖ ನೋಡಬೇಕಾಗುತ್ತಿತ್ತು. ಅರ್ಜಿ ಬರೆಯುವುದರಲ್ಲಿ ಆತ ಎತ್ತಿದ ಕೈ. ಬೀದಿದೀಪದಿಂದ ಬೀದಿನಾಯಿಯವರೆಗೆ ಅವನ ದೂರಿಗೆ ಸಿಗದ ವಸ್ತುವಿರಲಿಲ್ಲ. ಈಗ ಅಣ್ಣನ ಸಾವು ಸಿಕ್ಕಿತ್ತು.

"ನಾಳೆ ಬೆಳಿಗ್ಗೇನೇ ಆಸ್ಪತ್ರೆಗೆ ಹೋಗ್ತೀನಿ ಅತ್ತಿಗೆ. ಫೈಲ್ ಪೂರ್ತಿ ತೆಗೆಸ್ತೀನಿ. ಹೊಟ್ಟೆಯೊಳಗೆ ರಕ್ತನಾಳ ಒಡೆಯೋವರೆಗೂ ಅವರೇನು ಮಾಡ್ತಿದ್ರು? ಒಂದು ಫೋನಾದ್ರೂ ಮಾಡಿದ್ರಾ?"

ಬ್ರಷ್ಷು ಹೆಬ್ಬೆರಳ ಮೇಲೆ ನಿಂತಿತು.

*

ನಾಲ್ಕು ವರ್ಷದ ಹಿಂದೆ ಡಾಕ್ಟರಮ್ಮ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದ್ದರು. ಎದೆಯಿಂದ ಹೊಟ್ಟೆಗಿಳಿಯುವ ದೊಡ್ಡ ರಕ್ತನಾಳ, ಅದರಲ್ಲೊಂದು ಉಬ್ಬು.

"ಟೈರು ಹೊಟ್ಟೆ ಬಿಟ್ಟಿದೆ ಅನ್ನಿ," ಎಂದಿದ್ದ ಗಂಡ.

ದಾರಿ ಎರಡು ಎಂದರು ಡಾಕ್ಟರಮ್ಮ. ಹೊಟ್ಟೆ ಕೊಯ್ದು, ಆ ಭಾಗಕ್ಕೆ ಕೃತಕ ನಾಳ ಹೊಲಿಯುವುದು ಒಂದು. ಅಪಾಯವೆಲ್ಲ ಮೊದಲಿಗೇ ಹೆಚ್ಚು. ಅದನ್ನು ದಾಟಿದರೆ ಸಾಮಾನ್ಯವಾಗಿ ಆಮೇಲೆ ತಂಟೆ ಕಡಿಮೆ. ಇನ್ನೊಂದು, ತೊಡೆಸಂದಿಯ ಸಣ್ಣ ತೂತಿನಿಂದ ಸ್ಟೆಂಟಿನ ಕೊಳವೆ ತೂರಿಸಿ ಒಳಗೇ ಕೂರಿಸುವುದು. ಮೂರು ದಿನಕ್ಕೆ ಮನೆ. ಆದರೆ ಕೊಳವೆಯ ಅಂಚಿನಲ್ಲಿ ರಕ್ತ ಸೋರಬಹುದು. ಬದುಕಿರುವಷ್ಟು ಕಾಲ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಲೇಬೇಕು.

"ಟೈರಿಗೆ ಹಾಕೋ ಒಳಗಿನ ತೇಪೆ ನನಗೆ ಗೊತ್ತಿಲ್ವಾ? ಹಾಕಿಸ್ಕೊಂಡೋರಿಗೆಲ್ಲ ತಿಂಗಳಿಗೊಂದ್ಸಲ ತಂದು ತೋರಿಸ್ರಪ್ಪಾ ಅಂತೀನಿ. ಬರೋನು ಒಬ್ಬನೇ, ಆ ಪೇಪರ್ ಹಾಕೋನು. ಮಿಕ್ಕೋರು ಢಮ್ ಅಂದ್ಮೇಲೇ ಬರೋದು. ಟೈರೇ ಬದಲಾಯಿಸಿಬಿಡಿ ಡಾಕ್ಟ್ರೇ."

"ಬೇಡ, ಕಡಿಮೆ ಕೊಯ್ಯೋದೇ ಸಾಕು," ಎಂದವಳು ಅವಳು. "ವರ್ಷಾ ವರ್ಷಾ ನಾನೇ ಕರ್ಕೊಂಡ್ ಬರ್ತೀನಿ."

ಗಂಡ ಅವಳನ್ನೊಮ್ಮೆ ನೋಡಿ, "ಮೇಲಿನ ಕೋರ್ಟಿನ ತೀರ್ಪಾಯ್ತಲ್ಲ," ಎಂದು ಸಹಿ ಹಾಕಿದ್ದ.

ಎರಡು ವರ್ಷ ಕರೆದೊಯ್ದಳು. ಎರಡು ಸಲವೂ ರಿಪೋರ್ಟು ಬರುವವರೆಗೆ ಅವಳು ಊಟ ಮುಟ್ಟಲಿಲ್ಲ. ಮೂರನೆಯ ವರ್ಷ ಅವನು, "ಗುಂಡುಕಲ್ಲಿನ ಹಾಗಿದೀನಲ್ಲೇ," ಎಂದು ನಕ್ಕಾಗ ಅವಳಿಗೆ ಜೈಲಿನ ಬಾಗಿಲು ತೆರೆದಂತಾಯಿತು. ಆ ವರ್ಷ ಸ್ಕ್ಯಾನಿಗೆ ಹೋಗಲಿಲ್ಲ. ಆಸ್ಪತ್ರೆಯಿಂದ ಫೋನ್ ಬಂತು, ಮತ್ತೊಮ್ಮೆ ಬಂತು. ಮೂರನೆಯ ಸಲ, ಬಟ್ಟೆ ಹಿಂಡುತ್ತಿದ್ದವಳು ಒದ್ದೆ ಕೈಯಲ್ಲೇ ಎತ್ತಿಕೊಂಡು, "ಬೇರೆ ಕಡೆ ಮಾಡಿಸಿದ್ವಿ. ಎಲ್ಲಾ ಸರಿಯಿದೆಯಂತೆ," ಎಂದಳು.

"ಹಾಗೇ ಬರ್ಕೊಳ್ತೀನಿ ಮೇಡಂ."

ಆಮೇಲೆ ಫೋನ್ ಬರಲಿಲ್ಲ.

*

"ಮಾಡಿದ್ರು," ಎಂದಳು ಈಗ, ಗಂಡನ ಕೈ ಹಿಡಿದೇ. "ಮೂರು ಸಲ. ಸ್ಕ್ಯಾನ್ ಆಗಿದೆ ಅಂತ ಸುಳ್ಳು ಹೇಳಿದ್ದು ನಾನು."

ಮೈದುನನ ಮುಖ ಕರಗಿತು. "ಅತ್ತಿಗೆ, ನಿದ್ದೆಗೆಟ್ಟಿದೀರಿ. ಏನೇನೋ ಅಂತಿದೀರಿ."

"ನಿನ್ನ ಹಾಗೆ ನೋಡ್ಕೊಂಡೋರುಂಟೇನಮ್ಮಾ," ಎಂದು ಅಜ್ಜಿ ಬೆನ್ನು ಸವರಿದಳು.

"ಅವರು ಬರ್ಕೊಂಡಿದಾರೆ. ಫೈಲ್ ತೆಗೆಸಿದ್ರೆ ಅದೇ ಸಿಗೋದು."

"ನೋಡಿದ್ರಾ! ಅದನ್ನೂ ನಿಮ್ಮ ತಲೆಗೇ ಕಟ್ಟಿದಾರಾ?" ಮೈದುನ ಜೇಬಿನಿಂದ ಪೆನ್ನು ತೆಗೆದ.

ಹೆಣದ ಗಾಡಿ ಬಂತು. ನಾಲ್ವರು ಎತ್ತಿದರು, ಅವಳು ಹಿಂದೆ ನಡೆದಳು. ಗೇಟಿನಾಚೆ ಪೇಪರ್ ಹಾಕುವವನು, ತಲೆ ನರೆತ ಮನುಷ್ಯ, ಸೈಕಲ್ ಹಿಡಿದು ಕಲ್ಲಾಗಿ ನಿಂತಿದ್ದ.

"ಒಂದನೇ ತಾರೀಖಲ್ವಾ ಅಮ್ಮಾ, ಟೈರು ತೋರಿಸೋಣಾಂತ ಬಂದೆ. ಅಂಗಡಿ ಮುಚ್ಚಿತ್ತು. ನನಗೆ ಗೊತ್ತೇ ಇರ್ಲಿಲ್ಲ..." ಆತ ಸೈಕಲ್ ಹಿಂದಕ್ಕೆ ತಿರುಗಿಸಿದ.

"ನಿಲ್ಲಿ."

ಅವಳು ಹಿಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತಳು. ಗಂಡ ಮಾಡುತ್ತಿದ್ದ ಹಾಗೆಯೇ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ಹೆಬ್ಬೆರಳಿನಿಂದ ಒತ್ತುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಅಡಿಕೆಯಷ್ಟೇ ಉಬ್ಬು.

"ಅತ್ತಿಗೆ, ಗಾಡಿ ಕಾಯ್ತಿದೆ."

"ಇದನ್ನ ಓಡಿಸ್ಬೇಡಿ," ಎಂದಳು ಪೇಪರಿನವನಿಗೆ. ವಾಲ್ವ್ ತಿರುಗಿಸಿ ಸಡಿಲಿಸಿದಳು. ಗಾಳಿ ಸುಯ್ಯೆಂದು ಹೊರಟಿತು. ಗಾಡಿಯ ಬಳಿ ನಿಂತವರೆಲ್ಲ ಇತ್ತ ತಿರುಗಿದರು. ರಿಮ್ಮು ನೆಲಕ್ಕೆ ಕೂರುವವರೆಗೂ ಅವಳು ಏಳಲಿಲ್ಲ.