ತೂಬು ಎತ್ತದೆ ಉಳಿದ ಕೆರೆ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಬೇಸಿಗೆ. ಬಂಡೂರಿನ ಕೆರೆ ಏರಿಯ ಮೇಲೆ ಗಾಡಿಯೊಂದು ಮಗುಚಿತು. ಎತ್ತುಗಳಿಗೆ ಏನೂ ಆಗಲಿಲ್ಲ. ಆದರೆ ಆಲೆಮನೆಯ ಎಂಜಿನ್ನಿಗೆಂದು ತರುತ್ತಿದ್ದ ಎಣ್ಣೆ ಪೀಪಾಯಿ ಉರುಳಿ ನೀರಿಗೆ ಬಿತ್ತು. ನೋಡನೋಡುತ್ತಲೇ ಕೆರೆಯ ಮೇಲೆ ಬಣ್ಣಬಣ್ಣದ ಪೊರೆ ಹರಡಿತು.

ಕೆರೆ ಕಾಯುವ ನೀರುಗಂಟಿ ದೊಡ್ಡಬೀರಯ್ಯ ಅದನ್ನು ಕಂಡ. ಊರಿನ ಗದ್ದೆಗಳಿಗೂ ಅವನ ಹೆಂಡತಿ ಬೀರಮ್ಮನ ನಲವತ್ತು ಕುರಿಗಳಿಗೂ ಆ ಕೆರೆಯೇ ಗತಿ. ನೀರಲ್ಲಿ ಏನೇ ಕೆಟ್ಟರೂ ಅವನು ಬಲ್ಲ ಮದ್ದು ಒಂದೇ, ತೂಬು ಎತ್ತಿ ನೀರು ಹೊರಬಿಡುವುದು. ಪಾಚಿಗೂ ಅದೇ, ಸತ್ತ ಮೀನಿಗೂ ಅದೇ. ಕುರಿಗಳನ್ನು ತಡೆಯಲು ಬೀರಮ್ಮನಿಗೆ ಹೇಳಿ ತೂಬಿನ ಕಡೆ ಓಡಿದ.

ಅಡ್ಡ ಬಂದವನು ತಂಗಿಯ ಮಗ ಚಿಕ್ಕಮಾದು. ಬೊಂಬಾಯಿ ಬಂದರಿನಲ್ಲಿ ಮೂಟೆ ಹೊತ್ತು ಬಂದವನು. ಹಡಗು ಒಡೆದು ಸಮುದ್ರಕ್ಕೆ ಎಣ್ಣೆ ಹರಿದಾಗ ಅದನ್ನು ಬಳಿಯುವ ಕೆಲಸಕ್ಕೂ ಹೋಗಿದ್ದ.

"ತೂಬು ಎತ್ತಬ್ಯಾಡ ಮಾವ. ಒಳ್ಳೆ ನೀರು ಓಯ್ತದೆ, ಎಣ್ಣೆ ಉಳ್ಕತದೆ."

"ಮೂವತ್ತು ವರ್ಸದಿಂದ ಕೆರೆ ಕಾದಿವ್ನಿ ಕಣ್ಲಾ. ನಂಗೇ ಏಳ್ಕೊಡಕ್ಕೆ ಬಂದ್ಯಾ?"

ಬೈದನೇ ಹೊರತು ಅದು ಹೇಗೆ ಉಳಿಯುತ್ತದೆಂಬ ಕುತೂಹಲ ಅವನನ್ನು ಬಿಡಲಿಲ್ಲ. ಮಾದು ತಳ ತೂತಾದ ಕುಡಿಕೆ ತಂದ. ಮಾವನ ಬೆರಳಿನಿಂದಲೇ ತೂತು ಮುಚ್ಚಿಸಿ, ನೀರು ತುಂಬಿ, ಮೇಲೆ ಎಣ್ಣೆ ಬಿಟ್ಟ. ಬೆರಳು ತೆಗೆದಾಗ ತಿಳಿನೀರೆಲ್ಲ ಸುರಿದುಹೋಯಿತು, ಎಣ್ಣೆ ಕುಡಿಕೆಯ ಒಳಮೈಗೆ ಮೆತ್ತಿಕೊಂಡಿತು. ದೊಡ್ಡಬೀರಯ್ಯ ಇನ್ನೊಂದು ಸಲ ಮಾಡಿಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದ. ತೂಬಿನ ಕಂಡಿ ಇರುವುದು ಕೆರೆಯ ತಳದಲ್ಲಿ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅಂಗಾರೆ ಆ ಸಮುದ್ರುಕ್ಕೆ ತೂಬು ಎಲ್ಲದೆ?" ಎಂದು ಕೇಳಿದ.

"ಅದುಕ್ಕೆ ತೂಬೇ ಇಲ್ಲ ಮಾವ. ಅಲ್ಲೂ ಬಳ್ದೇ ತಗೀಬೇಕು."

ಮಾದು ಮೊದಲು ಬೀಡಿ ಸೇದುವವರನ್ನು ದೂರ ಕಳಿಸಿದ. ಊರವರೆಲ್ಲ ಸೇರಿ ಭತ್ತದ ಹುಲ್ಲನ್ನು ತೊಡೆಗಾತ್ರದ ಹುರಿಯಾಗಿ ಹೊಸೆದು ನೀರಿನ ಮೇಲೆ ತೇಲಿಬಿಟ್ಟರು. ಎರಡೂ ತುದಿ ಹಿಡಿದು, ಗಾಳಿ ತಳ್ಳುವ ಮೂಲೆಗೆ ಎಣ್ಣೆಯನ್ನು ಎಳೆದರು. ಅಲ್ಲಿ ಒಣಹುಲ್ಲು ಹಾಸಿ ಹೀರಿಸಿ, ಆ ಹುಲ್ಲನ್ನು ಕೆರೆಬಾವಿಗಳಿಂದ ದೂರ ಗುಂಡಿ ತೋಡಿ ಹೂತರು. ಪೊರೆ, ವಾಸನೆ ಎರಡೂ ಹೋಗಲು ಎಂಟು ದಿನ ಹಿಡಿಯಿತು. ಅಷ್ಟು ದಿನವೂ ಬೀರಮ್ಮ ಗಂಡನನ್ನೂ ಗಾಡಿಯವನನ್ನೂ ಬೈಯುತ್ತ ಬಾವಿ ನೀರು ಸೇದಿ ಕುರಿ ಉಳಿಸಿಕೊಂಡಳು. ಒಂಬತ್ತನೆಯ ದಿನ ದೊಡ್ಡಬೀರಯ್ಯನೇ ಕುರಿಗಳನ್ನು ಕೆರೆಗೆ ಇಳಿಸಿದ. ಅವು ತಲೆ ಎತ್ತದೆ ಕುಡಿದದ್ದು ಕಂಡು ಅವನ ಕಣ್ಣು ತುಂಬಿತು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರ ನೀರಿಗೆ ಎಣ್ಣೆ ಬಿದ್ದರೆ ತೂಬಿಗೆ ಓಡಬೇಡಿ. ದನಕುರಿ ತಡೆಯಿರಿ, ಬೆಂಕಿ ದೂರವಿಡಿ, ಎಣ್ಣೆ ಹರಡುವ ಮೊದಲೇ ಹುಲ್ಲಿನ ಹುರಿ ಎಳೆಯಿರಿ. ಎಣ್ಣೆಯನ್ನು ನಾಲ್ಕು ಜನ ಸೇರಿದರೆ ತೆಗೆಯಬಹುದು. ಹರಿಯಬಿಟ್ಟ ನೀರು ಮತ್ತೆ ಬರಬೇಕಾದರೆ ಮಳೆಗಾಲವೇ ಬರಬೇಕು.